ಕಿಟಕಿಗಳೇ ಇಲ್ಲದ ಲಿನಕ್ಸ್‌ನಲ್ಲಿ ಒಟ್ಟಿಗೆ ಹತ್ತು ಕೆಲಸ ಹೇಗೆ?

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಓಡುವ ಬಾಡಿಗೆ ಸರ್ವರ್‌ಗೆ, ಅಂದರೆ ನೆಟ್ ಮೂಲಕ ಬಳಸುವ ದೂರದ ಕಂಪ್ಯೂಟರ್‌ಗೆ, ಮೊದಲ ಸಲ ಲಾಗಿನ್ ಆದವರಿಗೆ ಕಾಣುವುದು ಒಂದು ಕಪ್ಪು ಪರದೆ, ಅದರಲ್ಲೊಂದು ಮಿನುಗುವ ಕರ್ಸರ್. ಅಷ್ಟೇ. ಐಕಾನ್ ಇಲ್ಲ, ಕೆಳಗೆ ಟಾಸ್ಕ್‌ಬಾರ್ ಇಲ್ಲ, ಮೌಸ್‌ಗೆ ಕೆಲಸವಿಲ್ಲ. ದೊಡ್ಡದೊಂದು ಫೋಲ್ಡರ್ ಕಾಪಿಗೆ ಹಚ್ಚಿದಿರೋ, ಅದು ಮುಗಿಯುವ ತನಕ ಪರದೆ ನಿಮ್ಮ ಮಾತಿಗೆ ಕಿವಿಗೊಡುವುದಿಲ್ಲ.

ಮುಂಚೆ ಈ ತೊಂದರೆ ಸಿಸ್ಟಮ್ ಅಡ್ಮಿನ್‌ಗಳಿಗೆ ಮಾತ್ರ ಇತ್ತು. ಈಗ ಹಾಗಿಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿಗೆ ಕ್ಲೌಡ್‌ನಲ್ಲಿ ಪುಟ್ಟ ಲಿನಕ್ಸ್ ಯಂತ್ರ ಸಿಗುತ್ತದೆ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಲಿನಕ್ಸ್ ಕಮಾಂಡ್‌ಗಳನ್ನು ಓಡಿಸುವ ಟರ್ಮಕ್ಸ್ ಆ್ಯಪ್ ಇದೆ. ಕೋಡ್ ಬರೆದುಕೊಡುವ ಎಐ ಸಹಾಯಕಗಳೂ ಈಗ ಟರ್ಮಿನಲ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಇಂಥ ಪರದೆಗೆ, ಬಂದು ಕೂತಿವೆ. ಹಾಗಾಗಿ ಕಾಲೇಜು ಹುಡುಗರಿಂದ ಹಿಡಿದು ಸ್ವಂತ ವೆಬ್‌ಸೈಟ್ ನಡೆಸುವ ಅಂಗಡಿಯವರ ತನಕ ಎಲ್ಲರಿಗೂ ಎರಡು ಪ್ರಶ್ನೆ ಎದುರಾಗುತ್ತವೆ. ಒಂದು, ಮೊದಲನೆಯದು ಓಡುತ್ತಿರುವಾಗಲೇ ಎರಡನೇ ಕೆಲಸ ಮಾಡುವುದು ಹೇಗೆ? ಎರಡು, ಮಧ್ಯೆ ನೆಟ್ ಹೋದರೆ ಅರ್ಧ ಆದ ಕೆಲಸದ ಗತಿ ಏನು?

ಇದಕ್ಕೆ ದಾರಿಗಳು ಹಲವಾರು ಇವೆ. ಅವುಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಒಂದು ವಿಷಯ ಹಿಡಿದುಕೊಂಡರೆ ಉಳಿದದ್ದು ಸುಲಭ: ನೀವು ಶುರು ಮಾಡಿದ ಪ್ರತಿ ಕೆಲಸವೂ ಯಾವುದೋ ಒಂದು ಟರ್ಮಿನಲ್‌ಗೆ ಕಟ್ಟಿಕೊಂಡಿರುತ್ತದೆ. ಆ ಟರ್ಮಿನಲ್ ಇರುವ ತನಕ ಕೆಲಸ ಇರುತ್ತದೆ. ಮುಂದೆ ಬರುವ ಉಪಾಯಗಳಲ್ಲಿ ಹೆಚ್ಚಿನವು ಈ ಗಂಟನ್ನು ಸಡಿಲಿಸುವ ಉಪಾಯಗಳೇ.

ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಒಬ್ಬರೇ ಮೇಷ್ಟ್ರು, ನಾಲ್ಕು ತರಗತಿ

ಓಡುತ್ತಿರುವ ಪ್ರೋಗ್ರಾಂಗೆ ಪ್ರೊಸೆಸ್ ಅನ್ನುತ್ತಾರೆ. ಡಿಸ್ಕ್‌ನಲ್ಲಿ ಸುಮ್ನೆ ಬಿದ್ದಿರುವ ಫೈಲ್ ಪ್ರೊಸೆಸ್ ಅಲ್ಲ. ಅದನ್ನು ಮೆಮೊರಿಗೆ ತಂದು ಓಡಲು ಬಿಟ್ಟಾಗ ಪ್ರೊಸೆಸ್ ಆಗುತ್ತದೆ. ಒಂದೇ ಎಡಿಟರ್ ಅನ್ನು ಮೂರು ಸಲ ತೆರೆದರೆ ಮೂರು ಪ್ರೊಸೆಸ್. ಪ್ರತಿಯೊಂದಕ್ಕೂ ಕರ್ನಲ್ ಒಂದು ಸಂಖ್ಯೆ ಕೊಡುತ್ತದೆ, ಅದೇ ಪಿಐಡಿ. ಯಂತ್ರ ಶುರುವಾದಾಗ ಮೊದಲು ಹುಟ್ಟುವ ಪ್ರೊಸೆಸ್‌ನ ಸಂಖ್ಯೆ 1.

ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು. ಸಿಪಿಯು, ಮೆಮೊರಿ, ಡಿಸ್ಕ್ ಎಲ್ಲವನ್ನೂ ಪ್ರೊಸೆಸ್‌ಗಳಿಗೆ ಹಂಚುವುದು ಅದರ ಕೆಲಸ. ಸಿಪಿಯುವಿನ ಒಂದು ಕೋರ್ ಒಂದು ಗಳಿಗೆಯಲ್ಲಿ ಓಡಿಸುವುದು ಒಂದೇ ಪ್ರೊಸೆಸ್ ಅಂತ ಇಟ್ಟುಕೊಳ್ಳಿ. ಹಾಗಾದರೆ ನೂರು ಪ್ರೊಸೆಸ್ ಒಟ್ಟಿಗೆ ನಡೆಯುವುದು ಹೇಗೆ?

ಒಬ್ಬರೇ ಮೇಷ್ಟ್ರು ಇರುವ ಹಳ್ಳಿ ಶಾಲೆ ನೋಡಿದ್ದರೆ ಇದು ಗೊತ್ತಾಗುತ್ತದೆ. ಒಂದೇ ಕೋಣೆ, ನಾಲ್ಕು ತರಗತಿ. ಮೇಷ್ಟ್ರು ಒಂದನೇ ತರಗತಿಗೆ ಕಾಗುಣಿತ ಬರೆಯಲು ಹಾಕುತ್ತಾರೆ. ಆ ಮಕ್ಕಳು ಬರೆಯುತ್ತಿರುವಾಗ ಎರಡನೆಯವರಿಗೆ ಮಗ್ಗಿ ಹೇಳಿಕೊಡುತ್ತಾರೆ. ಅದನ್ನು ಅರ್ಧಕ್ಕೆ ನಿಲ್ಲಿಸಿ ಮೂರನೆಯವರ ಲೆಕ್ಕ ತಿದ್ದುತ್ತಾರೆ. ಎಲ್ಲಿ ನಿಲ್ಲಿಸಿದೆ ಅನ್ನುವುದು ಅವರ ನೆನಪಿನಲ್ಲಿರುತ್ತದೆ, ವಾಪಸ್ ಬಂದಾಗ ಅಲ್ಲಿಂದಲೇ ಶುರು. ಯಾವ ತರಗತಿಗೂ ಪೂರ್ತಿ ಹೊತ್ತು ಮೇಷ್ಟ್ರಿಲ್ಲ, ಆದರೂ ನಾಲ್ಕರ ಪಾಠವೂ ಸಾಗುತ್ತದೆ.

ಇಲ್ಲಿ ಮೇಷ್ಟ್ರು ಅಂದರೆ ಸಿಪಿಯು. ತರಗತಿ ಅಂದರೆ ಪ್ರೊಸೆಸ್. ಯಾರ ಸರದಿ ಎಷ್ಟು ಹೊತ್ತು ಅಂತ ತೀರ್ಮಾನಿಸುವುದು ಕರ್ನಲ್‌ನ ಶೆಡ್ಯೂಲರ್ ಅನ್ನುವ ಭಾಗ. ಯಂತ್ರದ ಟೈಮರ್ ಸೆಕೆಂಡಿಗೆ ನೂರಾರು ಸಲ ಗಂಟೆ ಹೊಡೆಯುತ್ತದೆ. ಕರ್ನಲ್ ಅನ್ನು ಹೇಗೆ ಕಟ್ಟಿದ್ದಾರೆ ಅನ್ನುವುದರ ಮೇಲೆ ಅದು 100, 250, 300 ಅಥವಾ 1000 ಸಲ. ಪ್ರತಿ ಗಂಟೆಗೂ ಶೆಡ್ಯೂಲರ್ ಒಮ್ಮೆ ಲೆಕ್ಕ ನೋಡುತ್ತದೆ. ಈ ಪ್ರೊಸೆಸ್‌ಗೆ ಸಿಗಬೇಕಾದಷ್ಟು ಸಮಯ ಸಿಕ್ಕಿದ್ದರೆ ಅದನ್ನು ಬದಿಗಿಟ್ಟು ಇನ್ನೊಂದನ್ನು ಕೂರಿಸುತ್ತದೆ. ಈ ಅದಲುಬದಲು ನಮ್ಮ ಕಣ್ಣಿಗೆ ಬೀಳುವ ವೇಗದ್ದಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಕಾಗುಣಿತ ಬರೆಯುತ್ತಿರುವ ಮಕ್ಕಳಿಗೆ ಆ ಹೊತ್ತಿಗೆ ಮೇಷ್ಟ್ರೇ ಬೇಕಿಲ್ಲ, ಅಲ್ವಾ? ಪ್ರೊಸೆಸ್‌ಗಳೂ ಹಾಗೇ. ಡಿಸ್ಕ್‌ನಿಂದ ಡೇಟಾ ಬರಲಿ ಅಂತ, ನೆಟ್‌ನಿಂದ ಉತ್ತರ ಬರಲಿ ಅಂತ, ನೀವು ಒಂದು ಕೀ ಒತ್ತಲಿ ಅಂತ ಕಾಯುವುದರಲ್ಲೇ ಅವುಗಳ ಹೆಚ್ಚಿನ ಆಯುಷ್ಯ ಕಳೆಯುತ್ತದೆ. ಟಾಪ್ ಅಂತ ಕಮಾಂಡ್ ಕೊಟ್ಟು ನೋಡಿ. ಮೇಲಿನ ಸಾಲುಗಳಲ್ಲಿ ಒಟ್ಟು ಪ್ರೊಸೆಸ್ ಸಾಮಾನ್ಯವಾಗಿ ನೂರು ದಾಟಿರುತ್ತವೆ. ಬಿಡುವಾಗಿರುವ ಯಂತ್ರವಾದರೆ ‘ರನ್ನಿಂಗ್’ ಎದುರು 1 ಅಥವಾ 2 ಅಂತ ಇರುತ್ತದೆ. ಉಳಿದವೆಲ್ಲ ‘ಸ್ಲೀಪಿಂಗ್’.

ಅಂದರೆ ಪರದೆಯಲ್ಲಿ ಕಿಟಕಿ ಇರಲಿ ಬಿಡಲಿ, ಒಟ್ಟಿಗೆ ಹಲವು ಕೆಲಸ ನಡೆಯುವುದು ಕರ್ನಲ್‌ನಲ್ಲಿ. ಕಿಟಕಿಗಳು ಅದನ್ನು ತೋರಿಸುವ ಒಂದು ಬಗೆ ಅಷ್ಟೇ. ಟೆಕ್ಸ್ಟ್ ಪರದೆಯಲ್ಲಿ ನಮಗೆ ಕಡಿಮೆ ಬೀಳುವುದು ನೋಡುವ ಮತ್ತು ಹಿಡಿತದಲ್ಲಿಡುವ ಅನುಕೂಲ.

ಎ ಎ ಎ ಎ, ಬಿ ಬಿ ಬಿ ಬಿ

ಲಿನಕ್ಸ್ ಹುಟ್ಟಿದ್ದೇ ಈ ಅದಲುಬದಲಿನ ಆಟದಿಂದ ಅಂದರೆ ತಪ್ಪಾಗದು. 1991ರ ಆರಂಭದಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹೊಸದಾಗಿ ಇಂಟೆಲ್ 386 ಚಿಪ್ ಇದ್ದ ಪಿಸಿ ತೆಗೆದುಕೊಂಡರು. ಕೆಲಸ ಬದಲಾಯಿಸಲು ಆ ಚಿಪ್ಪಿನಲ್ಲೇ ಸೌಲಭ್ಯವಿತ್ತು. ಅದನ್ನು ಪರೀಕ್ಷಿಸಲು ಅವರು ಎರಡು ಪುಟ್ಟ ಪ್ರೊಸೆಸ್ ಬರೆದರು. ಒಂದು ಪರದೆಯ ಮೇಲೆ ಎ ಅಕ್ಷರ ಮುದ್ರಿಸುತ್ತಾ ಹೋಗಬೇಕು, ಇನ್ನೊಂದು ಬಿ. ಟೈಮರ್ ಹೊಡೆದಾಗಲೆಲ್ಲ ಸರದಿ ಬದಲು. ಪರದೆ ತುಂಬ ಒಂದಷ್ಟು ಎ, ಆಮೇಲೆ ಒಂದಷ್ಟು ಬಿ, ಮತ್ತೆ ಎ.

ಆಮೇಲೆ ಅವನ್ನೇ ತಿದ್ದಿದರು. ಒಂದು ಪ್ರೊಸೆಸ್ ಕೀಬೋರ್ಡ್‌ನಿಂದ ಓದಿ ಮೋಡೆಮ್‌ಗೆ ಕಳಿಸುವಂತೆ, ಇನ್ನೊಂದು ಮೋಡೆಮ್‌ನಿಂದ ಓದಿ ಪರದೆಗೆ ಬರೆಯುವಂತೆ. ವಿಶ್ವವಿದ್ಯಾಲಯದ ಕಂಪ್ಯೂಟರ್‌ಗೆ ಮನೆಯಿಂದ ಸಂಪರ್ಕಿಸುವ ಟರ್ಮಿನಲ್ ಪ್ರೋಗ್ರಾಂ ಸಿದ್ಧವಾಯಿತು. ಅದಕ್ಕೆ ಡಿಸ್ಕ್ ಓದುವುದು, ಫೈಲ್ ಇಡುವುದು ಅಂತ ಸೇರಿಸುತ್ತಾ ಹೋದಾಗ ಅದು ಆಪರೇಟಿಂಗ್ ಸಿಸ್ಟಮ್ ಆಯಿತು. 1991ರ ಆಗಸ್ಟ್ 25ರಂದು ಅವರು ಅದನ್ನು ಜಗತ್ತಿಗೆ ತಿಳಿಸಿದರು. 1992ರ ಜನವರಿಯ 0.12 ಆವೃತ್ತಿಯಲ್ಲಿ ಬೇರೆಯವರು ಬರೆದುಕೊಟ್ಟ ಎರಡು ಸೌಲಭ್ಯ ಸೇರಿದವು: ಒಂದೇ ಯಂತ್ರದಲ್ಲಿ ಹಲವು ಕನ್ಸೋಲ್ (ಟೆಕ್ಸ್ಟ್ ಪರದೆ), ಮತ್ತು ಓಡುವ ಕೆಲಸಗಳನ್ನು ನಿಲ್ಲಿಸಿ ಹಿಂದೆ ಮುಂದೆ ಮಾಡುವ ಜಾಬ್ ಕಂಟ್ರೋಲ್. ಇವತ್ತಿಗೂ ಟೆಕ್ಸ್ಟ್ ಪರದೆಯಲ್ಲಿ ಕೂತವರ ಎಡಗೈ ಬಲಗೈ ಅವೇ.

ಒಂದೇ ಮಾನಿಟರ್, ಆರು ಪರದೆ

ಲಿನಕ್ಸ್ ಯಂತ್ರದ ಮುಂದೆಯೇ ಕೂತಿದ್ದರೆ ಅತಿ ಸುಲಭದ ದಾರಿ ವರ್ಚುವಲ್ ಕನ್ಸೋಲ್. ಮಾನಿಟರ್ ಒಂದೇ, ಕೀಬೋರ್ಡ್ ಒಂದೇ. ಆದರೆ ಬೇರೆ ಬೇರೆ ಲಾಗಿನ್ ಪರದೆಗಳು ಒಂದರ ಹಿಂದೆ ಒಂದು ಕಾದಿರುತ್ತವೆ. ಆಲ್ಟ್ ಮತ್ತು ಎಫ್2 ಒಟ್ಟಿಗೆ ಒತ್ತಿದರೆ ಎರಡನೇ ಪರದೆ, ಆಲ್ಟ್ ಮತ್ತು ಎಫ್3 ಒತ್ತಿದರೆ ಮೂರನೆಯದು. ಆಲ್ಟ್ ಹಿಡಿದು ಎಡ ಬಲ ಬಾಣದ ಕೀ ಒತ್ತಿದರೂ ಪಕ್ಕದ ಪರದೆಗೆ ಹೋಗಬಹುದು. ಗ್ರಾಫಿಕ್ಸ್ ಡೆಸ್ಕ್‌ಟಾಪ್‌ನಲ್ಲಿ ಇದ್ದರೆ ಜೊತೆಗೆ ಕಂಟ್ರೋಲ್ ಕೂಡ ಒತ್ತಬೇಕು.

ಸಾಮಾನ್ಯವಾಗಿ ಆರು ಪರದೆ ಸಿಗುತ್ತವೆ. ಕರ್ನಲ್ ಮಿತಿ 63ರ ತನಕ ಇದೆ, ಅಷ್ಟು ಯಾರಿಗೆ ಬೇಕು! ಇವುಗಳಿಗೆ ಟಿಟಿವೈ1, ಟಿಟಿವೈ2 ಎಂದು ಹೆಸರು. ಉಬುಂಟು, ಫೆಡೋರಾ ಎಂಬ ಲಿನಕ್ಸ್ ವಿತರಣೆಗಳ (ಬಳಸಲು ಸಿದ್ಧಪಡಿಸಿ ಹಂಚುವ ಲಿನಕ್ಸ್ ಬಗೆಗಳ) ಮಾಮೂಲಿ ಡೆಸ್ಕ್‌ಟಾಪ್‌ಗಳಲ್ಲಿ ಮೊದಲೆರಡನ್ನು ಗ್ರಾಫಿಕ್ಸ್ ಹಿಡಿದುಕೊಂಡಿರುತ್ತದೆ, ಟೆಕ್ಸ್ಟ್ ಪರದೆ ಬೇಕಾದರೆ ಎಫ್3ರಿಂದ ಹುಡುಕಿ. ಡೆಸ್ಕ್‌ಟಾಪ್ ಹೆಪ್ಪುಗಟ್ಟಿದಾಗ ಇದು ನಿಜಕ್ಕೂ ಆಪದ್ಬಾಂಧವ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ, ಲಾಗಿನ್ ಆಗಿ, ಕೈಕೊಟ್ಟ ಪ್ರೋಗ್ರಾಂನ ಪಿಐಡಿ ಹುಡುಕಿ, ಕಿಲ್ ಕಮಾಂಡ್ ಕೊಟ್ಟರೆ ಎಷ್ಟೋ ಸಲ ಪವರ್ ಬಟನ್ ಅದುಮುವುದು ತಪ್ಪುತ್ತದೆ.

ಎಚ್ಚರಿಕೆಯ ಮಾತೊಂದು. ಟಿಟಿವೈ3ರಲ್ಲಿ ಲಾಗಿನ್ ಆಗಿ ಡೆಸ್ಕ್‌ಟಾಪ್‌ಗೆ ಮರಳಿ, ಸ್ಕ್ರೀನ್ ಲಾಕ್ ಮಾಡಿ ಎದ್ದು ಹೋದಿರಿ ಅನ್ನಿ. ಲಾಕ್ ಆಗಿರುವುದು ಡೆಸ್ಕ್‌ಟಾಪ್ ಮಾತ್ರ. ಯಾರಾದರೂ ಬಂದು ಕಂಟ್ರೋಲ್-ಆಲ್ಟ್-ಎಫ್3 ಒತ್ತಿದರೆ ಬಾಗಿಲು ತೆರೆದೇ ಇರುತ್ತದೆ. ಹೂ ಅನ್ನುವ ಕಮಾಂಡ್ ಎಲ್ಲೆಲ್ಲಿ ಲಾಗಿನ್ ಇದೆ ಅಂತ ಪಟ್ಟಿ ಕೊಡುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಇದ್ದವರು ಏಳುವ ಮುಂಚೆ ಒಮ್ಮೆ ನೋಡುವುದು ಒಳ್ಳೆಯದು.

ನಮ್ಮ ಓದುಗರಿಗೆ ಬೇಸರ ತರುವ ಇನ್ನೊಂದು ಸಂಗತಿಯೂ ಇಲ್ಲೇ ಇದೆ. ಈ ಕನ್ಸೋಲ್‌ನ ಫಾಂಟ್‌ನಲ್ಲಿ ಹಿಡಿಯುವುದು ಹೆಚ್ಚೆಂದರೆ 512 ಅಕ್ಷರ ರೂಪಗಳು. ಒತ್ತಕ್ಷರ, ಕಾಗುಣಿತ ಜೋಡಿಸುವ ಬುದ್ಧಿ ಅದಕ್ಕಿಲ್ಲ. ಹಾಗಾಗಿ ಕನ್ನಡ ಹೆಸರಿನ ಫೈಲ್ ಇದ್ದರೆ ಇಲ್ಲಿ ಅರ್ಥವಾಗದ ಗುರುತುಗಳಷ್ಟೇ ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ತೋರಿಸಲು ಬರುತ್ತಿಲ್ಲ ಅಷ್ಟೇ.

ದೂರದ ಸರ್ವರ್‌ಗೆ ಎಸ್‌ಎಸ್‌ಹೆಚ್ (ನೆಟ್ ಮೂಲಕ ಬೇರೆ ಯಂತ್ರಕ್ಕೆ ಲಾಗಿನ್ ಆಗುವ ದಾರಿ) ಮೂಲಕ ಹೋದವರಿಗೆ ಈ ಉಪಾಯ ದಕ್ಕದು. ಅವರು ಒತ್ತುವ ಆಲ್ಟ್-ಎಫ್2 ಅವರ ಲ್ಯಾಪ್‌ಟಾಪ್‌ಗೇ ಹೋಗುತ್ತದೆ, ಸರ್ವರ್‌ಗಲ್ಲ.

ಕಂಟ್ರೋಲ್-ಝಡ್ ಒತ್ತಿದಾಗ ಆಗುವುದೇನು?

ನೀವು ಕಮಾಂಡ್ ಬರೆಯುವ ಜಾಗವನ್ನು ನಡೆಸುವುದು ಶೆಲ್ ಅನ್ನುವ ಪ್ರೋಗ್ರಾಂ. ಹೆಚ್ಚಿನ ಕಡೆ ಅದು ಬ್ಯಾಶ್. ಒಂದು ಕಮಾಂಡ್ ಕೊಟ್ಟಾಗ ಶೆಲ್ ಅದನ್ನು ಮುನ್ನೆಲೆಗೆ ಬಿಟ್ಟು, ಅದು ಮುಗಿಯಲಿ ಅಂತ ತಾನು ಸುಮ್ಮನೆ ಕೂರುತ್ತದೆ. ಕೀಬೋರ್ಡ್ ಆಗ ಆ ಕಮಾಂಡ್‌ನ ವಶ. ಪರದೆ ಮಾತು ಕೇಳದಿರಲು ಇದೇ ಕಾರಣ.

ಕಮಾಂಡ್‌ನ ಕೊನೆಗೆ & ಚಿಹ್ನೆ ಹಾಕಿದರೆ ಶೆಲ್ ಕಾಯುವುದಿಲ್ಲ. ಕೆಲಸವನ್ನು ಹಿನ್ನೆಲೆಗೆ ತಳ್ಳಿ ತಕ್ಷಣ ಮುಂದಿನ ಕಮಾಂಡ್‌ಗೆ ಜಾಗ ಬಿಡುತ್ತದೆ. ಆದರೆ & ಹಾಕುವುದು ನೆನಪಾಗುವುದು ಎಂಟರ್ ಒತ್ತಿದ ಮೇಲೆ! ಅದಕ್ಕೂ ದಾರಿ ಇದೆ.

ಮದುವೆ ಫೋಟೊಗಳ 40 ಜಿಬಿ ಫೋಲ್ಡರ್ ಅನ್ನು ಟಾರ್ ಕಮಾಂಡ್‌ನಿಂದ ಒಂದೇ ಕಟ್ಟು ಮಾಡಲು ಹಚ್ಚಿದ್ದೀರಿ. ಬೇಗ ಮುಗಿಯುವ ಲಕ್ಷಣ ಇಲ್ಲ. ಈಗ ಕಂಟ್ರೋಲ್ ಹಿಡಿದು ಝಡ್ ಒತ್ತಿ. ಪರದೆಯಲ್ಲಿ ಚೌಕ ಕಂಸದೊಳಗೆ 1, ಪಕ್ಕದಲ್ಲಿ ಕೂಡು ಚಿಹ್ನೆ, ಆಮೇಲೆ ‘ಸ್ಟಾಪ್ಡ್’ ಅಂತ ಒಂದು ಸಾಲು ಬರುತ್ತದೆ. ಟಾರ್ ಸತ್ತಿಲ್ಲ, ಇದ್ದಲ್ಲೇ ನಿಂತಿದೆ. ಬಿಜಿ ಅಂತ ಬರೆದು ಎಂಟರ್ ಒತ್ತಿದರೆ ನಿಂತಲ್ಲಿಂದಲೇ ಮತ್ತೆ ಓಡುತ್ತದೆ, ಈ ಸಲ ಹಿನ್ನೆಲೆಯಲ್ಲಿ. ಜಾಬ್ಸ್ ಅಂದರೆ ಈ ಶೆಲ್ ಹಚ್ಚಿದ ಕೆಲಸಗಳ ಪಟ್ಟಿ. ಎಫ್‌ಜಿ ಅಂದರೆ ಒಂದನ್ನು ವಾಪಸ್ ಮುನ್ನೆಲೆಗೆ ತರುವುದು. ಹಲವು ಇದ್ದರೆ ಶೇಕಡಾ ಚಿಹ್ನೆ ಹಾಕಿ ಸಂಖ್ಯೆ ಕೊಡಿ: ಎಫ್‌ಜಿ %2.

ಕಂಟ್ರೋಲ್-ಸಿ ಮತ್ತು ಕಂಟ್ರೋಲ್-ಝಡ್ ನಡುವೆ ಗೊಂದಲ ಬೇಡ. ಸಿ ಒತ್ತಿದರೆ ‘ಮುಗಿಸು’ ಅಂತ ಸೂಚನೆ ಹೋಗುತ್ತದೆ. ಝಡ್ ಒತ್ತಿದರೆ ‘ಅಲ್ಲೇ ನಿಲ್ಲು’ ಅಂತ. ನಿಂತ ಕೆಲಸ ಸಿಪಿಯು ತಿನ್ನುವುದಿಲ್ಲ, ಆದರೆ ಹಿಡಿದ ಮೆಮೊರಿ ಬಿಡುವುದೂ ಇಲ್ಲ. ಡೌನ್‌ಲೋಡ್ ಮಾಡುತ್ತಿದ್ದುದನ್ನು ಹೀಗೆ ತುಂಬ ಹೊತ್ತು ನಿಲ್ಲಿಸಿದರೆ ಆ ಕಡೆಯ ಸರ್ವರ್ ಕಾದು ಬೇಸತ್ತು ಸಂಪರ್ಕ ಕಡಿಯಬಹುದು.

ವಿಮ್ ಎಡಿಟರ್ ಬಳಸುವವರು ಬೀಳುವ ಗುಂಡಿ ಬೇರೆ. ಬರೆಯುತ್ತಿರುವಾಗ ಕೈತಪ್ಪಿ ಕಂಟ್ರೋಲ್-ಝಡ್ ಒತ್ತುತ್ತಾರೆ. ಎಡಿಟರ್ ಮಾಯ! ಮುಚ್ಚಿಹೋಯಿತು ಅಂದುಕೊಂಡು ಅದೇ ಫೈಲ್ ಅನ್ನು ಮತ್ತೆ ತೆರೆದರೆ, ಸ್ವಾಪ್ ಫೈಲ್ (ಬರೆಯುತ್ತಿರುವಾಗ ವಿಮ್ ಇಟ್ಟುಕೊಳ್ಳುವ ತಾತ್ಕಾಲಿಕ ಫೈಲ್) ಸಿಕ್ಕಿದೆ ಅಂತ ಪರದೆ ತುಂಬ ಎಚ್ಚರಿಕೆ. ಹಳೆಯ ವಿಮ್ ಹಿಂದೆ ನಿಂತೇ ಇದೆ, ಅದಕ್ಕೇ ಈ ಗಲಾಟೆ. ಹೊಸದರಿಂದ ಹೊರಬಂದು ಎಫ್‌ಜಿ ಅಂದರೆ ಬರೆದದ್ದೆಲ್ಲ ಇದ್ದ ಹಾಗೇ ಸಿಗುತ್ತದೆ.

ಹಿನ್ನೆಲೆ ಕೆಲಸಕ್ಕೆ ಎರಡು ಗುಣಗಳಿವೆ. ಅದು ಕೀಬೋರ್ಡ್‌ನಿಂದ ಏನಾದರೂ ಓದಲು ಹೋದರೆ ಕರ್ನಲ್ ಅದನ್ನು ನಿಲ್ಲಿಸಿಬಿಡುತ್ತದೆ. ‘ಹೌದೋ ಅಲ್ಲವೋ’ ಅಂತ ಕೇಳುವ ಕಮಾಂಡ್‌ಗಳು ಹಿನ್ನೆಲೆಯಲ್ಲಿ ಮುಂದೆ ಸಾಗದಿರುವುದು ಇದರಿಂದ. ಆದರೆ ಪರದೆಗೆ ಬರೆಯುವುದಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ನೀವು ಏನೋ ಟೈಪ್ ಮಾಡುತ್ತಿರುವಾಗ ಅದರ ಸಾಲುಗಳು ಮಧ್ಯೆ ನುಗ್ಗಿ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಅನುಭವಿಗಳು > ಚಿಹ್ನೆ ಬಳಸಿ ಅದರ ಮಾತನ್ನೆಲ್ಲ ಒಂದು ಫೈಲ್‌ಗೆ ತಿರುಗಿಸುತ್ತಾರೆ. ದೋಷದ ಸಂದೇಶಗಳೂ ಅದೇ ಫೈಲ್‌ಗೆ ಹೋಗಲಿ ಅಂದರೆ ಕೊನೆಗೆ 2>&1 ಸೇರಿಸಬೇಕು. ಬೇಕಾದಾಗ ಟೇಲ್ -ಎಫ್ ಕೊಟ್ಟು ಆ ಫೈಲ್‌ನ ಬಾಲ ನೋಡುತ್ತಿದ್ದರೆ ಆಯಿತು.

ಮತ್ತೊಂದು ಭೂತ. ಸೇವ್ ಮಾಡುವ ಅಭ್ಯಾಸದಿಂದ ಕಂಟ್ರೋಲ್-ಎಸ್ ಒತ್ತಿದರೆ ಪರದೆ ಕಲ್ಲಾಗುತ್ತದೆ. ಏನು ಒತ್ತಿದರೂ ಕಾಣುವುದಿಲ್ಲ. ಯಂತ್ರ ಕೈಕೊಟ್ಟಿಲ್ಲ. ಪರದೆಗೆ ಬರುವುದನ್ನು ತಡೆಹಿಡಿಯುವ ಹಳೇ ಕಾಲದ ಕೀ ಅದು. ಕಂಟ್ರೋಲ್-ಕ್ಯೂ ಒತ್ತಿ, ಬಿಡುಗಡೆ.

ನೆಟ್ ಹೋದರೆ ಕೆಲಸವೂ ಹೋಗುವುದೇಕೆ?

ಈಗ ಎರಡನೇ ಪ್ರಶ್ನೆ. ರೈಲಿನಲ್ಲಿ ಕೂತು ಫೋನಿನ ಹಾಟ್‌ಸ್ಪಾಟ್ ಹಿಡಿದು ಸರ್ವರ್‌ಗೆ ಹೋಗಿದ್ದೀರಿ. ಸುರಂಗ ಬಂತು, ಸಿಗ್ನಲ್ ಹೋಯಿತು. ಹಿನ್ನೆಲೆಗೆ ತಳ್ಳಿದ್ದ ಕೆಲಸವಾದರೂ ಉಳಿಯಬೇಕಿತ್ತಲ್ಲ? ಬಹಳ ಸಲ ಉಳಿಯುವುದಿಲ್ಲ.

ಎಸ್‌ಎಸ್‌ಹೆಚ್‌ನಲ್ಲಿ ಲಾಗಿನ್ ಆದಾಗ ಸರ್ವರ್ ನಿಮಗಾಗಿ ಒಂದು ತೋರಿಕೆಯ ಟರ್ಮಿನಲ್ ಸೃಷ್ಟಿಸುತ್ತದೆ. ನಿಮ್ಮ ಶೆಲ್ ಅದಕ್ಕೆ ಕಟ್ಟಿಕೊಳ್ಳುತ್ತದೆ. ಶೆಲ್ ಹುಟ್ಟಿಸಿದ ಮಕ್ಕಳೆಲ್ಲ ಅದಕ್ಕೇ. ಸಂಪರ್ಕ ಕಡಿದದ್ದು ಸರ್ವರ್‌ಗೆ ಗೊತ್ತಾದಾಗ ಆ ಟರ್ಮಿನಲ್ ಮುಚ್ಚುತ್ತದೆ. ಆಗ ಕರ್ನಲ್ ಶೆಲ್‌ಗೆ ಸಿಗ್‌ಹಪ್ ಅನ್ನುವ ಸೂಚನೆ ಕಳಿಸುತ್ತದೆ. ಟರ್ಮಿನಲ್‌ಗಳು ಟೆಲಿಫೋನ್ ಲೈನ್ ಮೇಲೆ ನಡೆಯುತ್ತಿದ್ದ ಕಾಲದ ಪಳೆಯುಳಿಕೆ ಇದು, ಆ ಕಡೆಯವರು ಫೋನ್ ಇಟ್ಟರು ಅಂತ ತಿಳಿಸುವ ಸೂಚನೆ. ಬ್ಯಾಶ್ ಅದನ್ನು ತನ್ನ ಎಲ್ಲ ಕೆಲಸಗಳಿಗೂ ದಾಟಿಸುತ್ತದೆ. ಓಡುತ್ತಿರುವುದಕ್ಕೂ, ನಿಂತಿರುವುದಕ್ಕೂ. ಬೇರೆ ಏರ್ಪಾಡು ಮಾಡಿಕೊಳ್ಳದ ಪ್ರೋಗ್ರಾಂಗೆ ಸಿಗ್‌ಹಪ್ ಬಂದರೆ ಸಾವು.

ಸ್ವಾರಸ್ಯ ಏನೆಂದರೆ, ಎಕ್ಸಿಟ್ ಅಂತ ಬರೆದು ಸರಿಯಾಗಿ ಹೊರಬಂದರೆ ಲೆಕ್ಕ ಬೇರೆ. ಆಗ ಬ್ಯಾಶ್ ಸಾಮಾನ್ಯವಾಗಿ ಓಡುತ್ತಿರುವ ಹಿನ್ನೆಲೆ ಕೆಲಸಗಳನ್ನು ಹಾಗೇ ಬಿಟ್ಟು ಹೋಗುತ್ತದೆ. ನಿಂತ ಕೆಲಸ ಇದ್ದರೆ ಮಾತ್ರ ಒಮ್ಮೆ ಎಚ್ಚರಿಸುತ್ತದೆ. ನಿನ್ನೆ ಉಳಿದ ಕೆಲಸ ಇವತ್ತು ಯಾಕೆ ಸತ್ತಿತು ಅಂತ ತಲೆ ಕೆರೆದುಕೊಳ್ಳುವವರು ಇದನ್ನು ಗಮನಿಸಬೇಕು. ನಿನ್ನೆ ಎಕ್ಸಿಟ್ ಕೊಟ್ಟಿರುತ್ತೀರಿ, ಇವತ್ತು ಲ್ಯಾಪ್‌ಟಾಪ್ ಮುಚ್ಚಿ ಎದ್ದಿರುತ್ತೀರಿ.

ಹಳೆಯ ಪರಿಹಾರ ನೋಹಪ್. ಕಮಾಂಡ್‌ನ ಮುಂದೆ ನೋಹಪ್ ಸೇರಿಸಿ ಕೊನೆಗೆ & ಹಾಕಿದರೆ ಆ ಪ್ರೋಗ್ರಾಂ ಸಿಗ್‌ಹಪ್‌ಗೆ ಕಿವುಡಾಗುತ್ತದೆ. ಪರದೆಗೆ ಬರಬೇಕಾದ ಸಾಲುಗಳು ನೋಹಪ್.ಔಟ್ ಎಂಬ ಫೈಲ್‌ಗೆ ಹೋಗುತ್ತವೆ. ಮುಂಚೆ ಹಾಕಲು ಮರೆತಿದ್ದರೆ, ಕಂಟ್ರೋಲ್-ಝಡ್, ಬಿಜಿ, ಆಮೇಲೆ ಡಿಸ್‌ಓನ್ ಅನ್ನಿ. ಬ್ಯಾಶ್ ಆ ಕೆಲಸವನ್ನು ತನ್ನ ಪಟ್ಟಿಯಿಂದ ತೆಗೆದುಹಾಕುತ್ತದೆ, ಹಾಗಾಗಿ ಸೂಚನೆ ದಾಟಿಸುವುದಿಲ್ಲ. ಕೊರತೆ ಒಂದೇ. ಹೀಗೆ ಬಿಟ್ಟ ಕೆಲಸದ ಜೊತೆ ಮತ್ತೆ ಮಾತಾಡಲು ಆಗದು. ಮಧ್ಯದಲ್ಲಿ ಅದೇನಾದರೂ ಪ್ರಶ್ನೆ ಕೇಳಿದರೆ ಉತ್ತರಿಸಲು ನೀವಿಲ್ಲ.

ಟಿಮಕ್ಸ್: ಸರ್ವರ್‌ನಲ್ಲೇ ಉಳಿಯುವ ಟರ್ಮಿನಲ್

ಹಾಗಾದರೆ ಟರ್ಮಿನಲ್ಲೇ ಮುಚ್ಚದಿದ್ದರೆ? ಈ ಯೋಚನೆಯಿಂದ ಬಂದದ್ದು ಸ್ಕ್ರೀನ್ ಅನ್ನುವ ಪ್ರೋಗ್ರಾಂ. ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ಆಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ ಅದನ್ನು 1987ರಲ್ಲಿ ಬಿಡುಗಡೆ ಮಾಡಿದರು, ಅಂದರೆ ಲಿನಕ್ಸ್ ಹುಟ್ಟುವ ಮುಂಚೆಯೇ. ಅದೇ ಕೆಲಸವನ್ನು ಹೊಸದಾಗಿ ಮಾಡುವ ಟಿಮಕ್ಸ್ ಅನ್ನು ನಿಕೊಲಸ್ ಮ್ಯಾರಿಯಟ್ 2007ರಲ್ಲಿ ಶುರು ಮಾಡಿದರು. ಹೊಸದಾಗಿ ಕಲಿಯುವವರು ಟಿಮಕ್ಸ್ ಹಿಡಿಯುವುದು ಮೇಲು ಅಂತ ನನ್ನ ಅಭಿಪ್ರಾಯ. ಪರದೆ ಭಾಗ ಮಾಡುವುದು ಅದರಲ್ಲಿ ಸಲೀಸು, ಕೆಳಗಿನ ಪಟ್ಟಿಯೂ ದಾರಿ ತೋರಿಸುತ್ತದೆ.

ಒಳಗಿನ ಏರ್ಪಾಡು ಹೀಗಿದೆ. ಟಿಮಕ್ಸ್ ಶುರು ಮಾಡಿದಾಗ ಎರಡು ಪ್ರೊಸೆಸ್ ಹುಟ್ಟುತ್ತವೆ. ಒಂದು ನಿಮ್ಮ ಟರ್ಮಿನಲ್‌ಗೆ ಕಟ್ಟಿಕೊಂಡ ಕ್ಲೈಂಟ್. ಇನ್ನೊಂದು ಯಾವ ಟರ್ಮಿನಲ್‌ಗೂ ಕಟ್ಟಿಕೊಳ್ಳದೆ ಹಿನ್ನೆಲೆಯಲ್ಲಿ ಕೂರುವ ಸರ್ವರ್ (ಇಲ್ಲಿ ಸರ್ವರ್ ಅಂದರೆ ಯಂತ್ರವಲ್ಲ, ಟಿಮಕ್ಸ್‌ನದೇ ಭಾಗ). ಈ ಎರಡನೆಯದು ತನ್ನದೇ ತೋರಿಕೆಯ ಟರ್ಮಿನಲ್‌ಗಳನ್ನು ಮಾಡಿಕೊಂಡು, ಅವುಗಳೊಳಗೆ ನಿಮ್ಮ ಶೆಲ್ ಓಡಿಸುತ್ತದೆ. ಕ್ಲೈಂಟ್ ಆ ಚಿತ್ರವನ್ನು ನಿಮಗೆ ತೋರಿಸುತ್ತದೆ, ನಿಮ್ಮ ಕೀಗಳನ್ನು ಒಳಗೆ ದಾಟಿಸುತ್ತದೆ. ನೆಟ್ ಹೋದಾಗ ಸಿಗ್‌ಹಪ್ ತಗಲುವುದು ಹೊರಗಿನ ಶೆಲ್‌ಗೆ ಮತ್ತು ಕ್ಲೈಂಟ್‌ಗೆ. ಒಳಗಿನ ಶೆಲ್‌ನ ಟರ್ಮಿನಲ್ ಮುಚ್ಚಿಯೇ ಇಲ್ಲ. ನೀವು ಹೋದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಬಳಸಿ ನೋಡೋಣ. ಸರ್ವರ್‌ಗೆ ಲಾಗಿನ್ ಆದ ಮೇಲೆ ಟಿಮಕ್ಸ್ ನ್ಯೂ -ಎಸ್ ಫೋಟೊ ಅಂತ ಕೊಡಿ. ಫೋಟೊ ಅನ್ನುವುದು ಈ ಸೆಷನ್‌ಗೆ, ಅಂದರೆ ಒಟ್ಟಿಗೆ ಉಳಿಯುವ ಈ ವಿಂಡೋಗಳ ಗುಂಪಿಗೆ, ನೀವಿಟ್ಟ ಹೆಸರು. ಪರದೆ ಒಮ್ಮೆ ಖಾಲಿಯಾಗಿ, ತಳದಲ್ಲಿ ಹಸಿರು ಪಟ್ಟಿಯೊಂದು ಬರುತ್ತದೆ. ಅದರ ಎಡತುದಿಯಲ್ಲಿ ಸೆಷನ್ ಹೆಸರು, ಪಕ್ಕದಲ್ಲಿ 0 ಅಂತ ವಿಂಡೋ ಸಂಖ್ಯೆ, ಅದರ ಮುಂದೆ ಬ್ಯಾಶ್, ಕೊನೆಗೆ ಒಂದು ನಕ್ಷತ್ರ ಚಿಹ್ನೆ. ನೀವು ಈಗ ಯಾವ ವಿಂಡೋದಲ್ಲಿದ್ದೀರಿ ಅನ್ನುವುದನ್ನು ನಕ್ಷತ್ರ ಹೇಳುತ್ತದೆ.

ಟಿಮಕ್ಸ್‌ಗೆ ಏನೇ ಹೇಳಬೇಕಾದರೂ ಮೊದಲು ಕಂಟ್ರೋಲ್-ಬಿ ಒತ್ತಿ, ಕೈ ಬಿಟ್ಟು, ಆಮೇಲೆ ಇನ್ನೊಂದು ಕೀ ಒತ್ತಬೇಕು. ಎರಡನ್ನೂ ಒಟ್ಟಿಗೆ ಅದುಮಿ ‘ಕೆಲಸ ಮಾಡುತ್ತಿಲ್ಲ’ ಅನ್ನುವವರೇ ಜಾಸ್ತಿ. ಮೊದಲ ದಿನಕ್ಕೆ ಕಂಟ್ರೋಲ್-ಬಿ ಆದ ಮೇಲೆ ಒತ್ತಬೇಕಾದ ಕೆಲವು ಕೀ ಸಾಕು. ಸಿ ಒತ್ತಿದರೆ ಹೊಸ ವಿಂಡೋ. ಎನ್ ಒತ್ತಿದರೆ ಮುಂದಿನದು, ಅಥವಾ ನೇರವಾಗಿ ಅದರ ಸಂಖ್ಯೆ ಒತ್ತಿ. % ಒತ್ತಿದರೆ ಪರದೆ ಎಡ ಬಲ ಎರಡು ಭಾಗ, ಎರಡೆಳೆಯ ಉದ್ಧರಣ ಚಿಹ್ನೆ ಒತ್ತಿದರೆ ಮೇಲೆ ಕೆಳಗೆ ಎರಡು ಭಾಗ. ಭಾಗದಿಂದ ಭಾಗಕ್ಕೆ ಬಾಣದ ಕೀ. ಎಡಭಾಗದಲ್ಲಿ ಟಾರ್ ಓಡಲಿ, ಬಲಭಾಗದಲ್ಲಿ ಟಾಪ್ ನೋಡುತ್ತಿರಿ, ಇನ್ನೊಂದು ವಿಂಡೋದಲ್ಲಿ ಎಡಿಟರ್ ತೆರೆಯಿರಿ. ಟಾಸ್ಕ್‌ಬಾರ್ ಇಲ್ಲದ ಕೊರತೆ ಇಲ್ಲಿಗೆ ನೀಗಿತು.

ಹೊರಡುವ ಹೊತ್ತಾಯಿತೇ? ಕಂಟ್ರೋಲ್-ಬಿ, ಆಮೇಲೆ ಡಿ. ಹಸಿರು ಪಟ್ಟಿ ಮಾಯವಾಗಿ ‘ಡಿಟ್ಯಾಚ್ಡ್’ ಅನ್ನುವ ಸಾಲು ಕಾಣುತ್ತದೆ. ಒಳಗೆ ಎಲ್ಲ ಓಡುತ್ತಲೇ ಇರುತ್ತದೆ. ಸಂಜೆ ಮನೆಯಿಂದ ಬೇರೆ ಲ್ಯಾಪ್‌ಟಾಪ್ ಹಿಡಿದು ಲಾಗಿನ್ ಆಗಿ ಟಿಮಕ್ಸ್ ಅಟ್ಯಾಚ್ -ಟಿ ಫೋಟೊ ಅಂದರೆ ಬಿಟ್ಟ ಪರದೆಯೇ ತೆರೆದುಕೊಳ್ಳುತ್ತದೆ, ಅಷ್ಟರಲ್ಲಿ ಟಾರ್ ಸಾಗಿದಷ್ಟೂ ಸೇರಿ. ಹೆಸರು ಮರೆತಿದ್ದರೆ ಟಿಮಕ್ಸ್ ಎಲ್‌ಎಸ್ ಪಟ್ಟಿ ಕೊಡುತ್ತದೆ. ಸುರಂಗದಲ್ಲಿ ನೆಟ್ ಹೋದರೂ ಕತೆ ಇದೇ. ಡಿ ಒತ್ತುವ ಅವಕಾಶ ಸಿಗಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಹಿಂದೆ ಸರಿದುಹೋದ ಸಾಲು ನೋಡಬೇಕಾದರೆ ಕಂಟ್ರೋಲ್-ಬಿ ಆದ ಮೇಲೆ ತೆರೆಯುವ ಚೌಕ ಕಂಸ, ಹೊರಬರಲು ಕ್ಯೂ. ಒಂದೇ ಬಳಕೆದಾರರ ಹೆಸರಿನಲ್ಲಿ ಇಬ್ಬರು ಎರಡು ಊರಿನಿಂದ ಒಂದೇ ಸೆಷನ್‌ಗೆ ಅಟ್ಯಾಚ್ ಆಗಬಹುದು. ಒಬ್ಬರು ಟೈಪ್ ಮಾಡಿದ್ದು ಇನ್ನೊಬ್ಬರಿಗೆ ಕಾಣುತ್ತದೆ. ಮೈಸೂರಿನಲ್ಲಿ ಕೂತವರಿಗೆ ಬೆಂಗಳೂರಿನವರು ಕೈಹಿಡಿದು ಕಲಿಸಲು ಇದು ವಿಡಿಯೊ ಕಾಲ್‌ಗಿಂತ ಹಗುರ.

ಸ್ಕ್ರೀನ್ ಮಾತ್ರ ಇರುವ ಹಳೇ ಯಂತ್ರ ಸಿಕ್ಕರೆ ಕಂಟ್ರೋಲ್-ಬಿ ಬದಲು ಕಂಟ್ರೋಲ್-ಎ. ಹೊರಬರಲು ಅಲ್ಲೂ ಡಿ. ಮರಳಲು ಸ್ಕ್ರೀನ್ -ಆರ್.

ಒಬ್ಬರೇ ಎಲ್ಲವನ್ನೂ ತಿಂದರೆ?

ಹಿನ್ನೆಲೆಯ ಟಾರ್ ಸಿಪಿಯು ನುಂಗುತ್ತಾ ಎಡಿಟರ್ ನಿಧಾನವಾದರೆ ನೈಸ್ ಅನ್ನುವ ಕಮಾಂಡ್ ಇದೆ. ಪ್ರತಿ ಪ್ರೊಸೆಸ್‌ಗೂ -20ರಿಂದ 19ರ ತನಕ ಒಂದು ಅಂಕ. ಅಂಕ ಹೆಚ್ಚಾದಷ್ಟೂ ಅದು ಬೇರೆಯವರಿಗೆ ದಾರಿ ಬಿಡುತ್ತದೆ. ನೈಸ್ -ಎನ್ 19 ಅಂತ ಮುಂದೆ ಸೇರಿಸಿ ಕಮಾಂಡ್ ಕೊಟ್ಟರೆ ಅದಕ್ಕೆ ಸಿಗುವುದು ಹೆಚ್ಚಾಗಿ ಬೇರೆಯವರು ಬಿಟ್ಟ ಸಮಯ. ಆಗಲೇ ಓಡುತ್ತಿರುವುದಕ್ಕೆ ರಿನೈಸ್. ಅಂಕ ಸೊನ್ನೆಗಿಂತ ಇಳಿಸಲು ಸಾಮಾನ್ಯವಾಗಿ ರೂಟ್ ಅಧಿಕಾರ, ಅಂದರೆ ಯಂತ್ರದ ಅಡ್ಮಿನ್‌ನ ಪೂರ್ಣ ಅಧಿಕಾರ, ಬೇಕು.

ಆದರೆ ನೈಸ್ ಹಂಚುವುದು ಸಿಪಿಯು ಸಮಯವನ್ನು, ಮೆಮೊರಿಯನ್ನಲ್ಲ. 1 ಜಿಬಿ ಮೆಮೊರಿಯ ಅಗ್ಗದ ಸರ್ವರ್‌ನಲ್ಲಿ ನಾಲ್ಕು ಭಾರದ ಕೆಲಸ ಹಚ್ಚಿದರೆ ಮೊದಲು ಮುಗಿಯುವುದು ಮೆಮೊರಿ. ತೀರಾ ಇಕ್ಕಟ್ಟಾದಾಗ ಕರ್ನಲ್ ತಾನೇ ಒಂದು ಪ್ರೊಸೆಸ್ ಆರಿಸಿ ಕೊಲ್ಲುತ್ತದೆ. ‘ಕಿಲ್ಡ್’ ಅಂತ ಒಂದೇ ಪದ ಬಂದು ಕೆಲಸ ನಿಂತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಟಿಮಕ್ಸ್ ಕೂಡ ಉಳಿಸಲಾಗದ್ದು

ಫೋನಿನಲ್ಲಿ ಟರ್ಮಕ್ಸ್ ಬಳಸುವವರಿಗೆ ಟಿಮಕ್ಸ್ ಅಲ್ಲೂ ಸಿಗುತ್ತದೆ, ಆದರೆ ಕೆಳಗಿರುವುದು ಆಂಡ್ರಾಯ್ಡ್. ಅದು ಬ್ಯಾಟರಿ ಉಳಿಸಲು ಯಾವ ಆ್ಯಪ್ ಅನ್ನು ಬೇಕಾದರೂ ಮಲಗಿಸುತ್ತದೆ. ಟರ್ಮಕ್ಸ್‌ನ ನೋಟಿಫಿಕೇಶನ್‌ನಲ್ಲಿ ವೇಕ್‌ಲಾಕ್ ಹಿಡಿಯುವ (ಫೋನ್ ನಿದ್ದೆಗೆ ಜಾರದಂತೆ ತಡೆಯುವ) ಆಯ್ಕೆ ಇದೆ, ಉದ್ದ ಕೆಲಸಕ್ಕೆ ಮುಂಚೆ ಅದನ್ನು ಒತ್ತಿ. ಆಂಡ್ರಾಯ್ಡ್ 12ರಿಂದ ಇನ್ನೊಂದು ಕಟ್ಟುಪಾಡೂ ಬಂದಿದೆ. ಆ್ಯಪ್‌ಗಳು ಹುಟ್ಟಿಸಿದ ಇಂಥ ಉಪಪ್ರೊಸೆಸ್‌ಗಳು ಎಲ್ಲ ಸೇರಿ 32 ದಾಟಿದರೆ ಕೆಲವನ್ನು ಅದು ಕೊಲ್ಲುತ್ತದೆ.

ಸರ್ವರ್‌ನಲ್ಲೂ ಒಂದು ತೊಡಕು ಇದೆ. ಈಗಿನ ಬಹುಪಾಲು ಲಿನಕ್ಸ್‌ಗಳಲ್ಲಿ ಲಾಗಿನ್ ನೋಡಿಕೊಳ್ಳುವುದು ಸಿಸ್ಟಮ್‌ಡಿ ಅನ್ನುವ ವ್ಯವಸ್ಥೆ. ಬಳಕೆದಾರ ಹೊರಹೋದಾಗ ಅವರ ಪ್ರೊಸೆಸ್‌ಗಳನ್ನೆಲ್ಲ ಗುಡಿಸಿಹಾಕುವ ಸೆಟ್ಟಿಂಗ್ ಅದರಲ್ಲಿದೆ. 2016ರಲ್ಲಿ ಅದನ್ನು ಮೂಲದಲ್ಲೇ ಚಾಲೂ ಮಾಡಿದಾಗ, ಸ್ಕ್ರೀನ್ ಮತ್ತು ಟಿಮಕ್ಸ್ ಸಾಯುತ್ತವೆ ಅಂತ ದೊಡ್ಡ ಜಗಳವೇ ಆಯಿತು. ಹಲವು ವಿತರಣೆಗಳು ಅದನ್ನು ಆಫ್ ಮಾಡಿಯೇ ಕೊಡುತ್ತವೆ. ನಿಮ್ಮ ಯಂತ್ರದಲ್ಲಿ ಟಿಮಕ್ಸ್ ಕಾರಣವಿಲ್ಲದೆ ಮಾಯವಾಗುತ್ತಿದ್ದರೆ ಕಿಲ್‌ಯೂಸರ್‌ಪ್ರೊಸೆಸಸ್ ಅನ್ನುವ ಆ ಸೆಟ್ಟಿಂಗ್ ನೋಡಿ, ಅಥವಾ ಅಡ್ಮಿನ್‌ಗೆ ಹೇಳಿ ನಿಮ್ಮ ಹೆಸರಿಗೆ ಲಿಂಗರ್ (ಹೊರಹೋದ ಮೇಲೂ ಪ್ರೊಸೆಸ್ ಉಳಿಯಲು ಬಿಡುವ ಅನುಮತಿ) ಹಾಕಿಸಿಕೊಳ್ಳಿ.

ಇನ್ನು ಯಂತ್ರವೇ ರೀಬೂಟ್ ಆದರೆ ಟಿಮಕ್ಸ್ ಸೆಷನ್ ಕೂಡ ಹೋಗುತ್ತದೆ. ಅದು ಇರುವುದು ಮೆಮೊರಿಯಲ್ಲಿ. ಅರ್ಧಕ್ಕೆ ನಿಂತರೆ ಮುಂದುವರಿಸಬಲ್ಲ ಕಮಾಂಡ್ ಆರಿಸಿಕೊಂಡರೆ ನಷ್ಟ ಕಡಿಮೆ. ಉದಾಹರಣೆಗೆ, ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಆಗಲೇ ಕಾಪಿ ಆದ ಫೈಲ್‌ಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ವೆಬ್‌ಸೈಟ್ ಅಥವಾ ಬಾಟ್ ಥರ ಸದಾ ಓಡುತ್ತಲೇ ಇರಬೇಕಾದ ಪ್ರೋಗ್ರಾಂ ಅನ್ನು ಟಿಮಕ್ಸ್‌ನಲ್ಲಿ ತೂಗುಹಾಕಿ ಬಿಡುವ ರೂಢಿ ಬಹಳ ಕಡೆ ಇದೆ, ಆದರೆ ಅದಕ್ಕೆ ಸರಿಯಾದ ಜಾಗ ಸಿಸ್ಟಮ್‌ಡಿ ಸರ್ವಿಸ್. ಯಂತ್ರ ಎದ್ದ ಕೂಡಲೇ ಅದೇ ಶುರು ಮಾಡುತ್ತದೆ, ರೀಸ್ಟಾರ್ಟ್ ಅನ್ನುವ ಸಾಲು ಬರೆದಿಟ್ಟಿದ್ದರೆ ಬಿದ್ದಾಗ ಎಬ್ಬಿಸುತ್ತದೆ. ರಾತ್ರಿ 2 ಗಂಟೆಗೆ ದಿನಾ ಒಮ್ಮೆ ಬ್ಯಾಕಪ್ ಆಗಬೇಕು ಅನ್ನುವಂಥದ್ದು, ಗೊತ್ತುಮಾಡಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ಗೆ ಬಿಟ್ಟದ್ದು.